ಮುಖ ಕಾಣುವಷ್ಟು ನೆಟ್

ಮಾರ್ಚ್ ೪, ಸೋಮವಾರ

ಇವತ್ತಿಗೆ ನನ್ನ ತಾಳ್ಮೆ ಮುಗಿಯಿತು. "ಸಿಟ್ಟು ಬಂದ್ರೆ ಎಲ್ಲಾದ್ರೂ ಬರ್ಕೊಳ್ಳಿ, ಅಮ್ಮನ ಮೇಲೆ ಮಾತ್ರ ಹಾರಾಡ್ಬೇಡಿ" ಎಂದು ಆಸ್ಪತ್ರೆಗೆ ಹೊರಡುವಾಗ ಗುಬ್ಬಿ ಹೇಳಿದ್ದಳು. ಹೆಂಡತಿಯ ಮಾತು ಮೀರಬಾರದೆಂದು ಈ ಡೈರಿ ತೆಗೆದಿದ್ದೇನೆ.

ಹೆರಿಗೆಗೆ ಇನ್ನೂ ತಿಂಗಳುಗಳಿರುವಾಗಲೇ, "ಮಾಸು ಕೆಳಗೆ ಕೂತಿದೆ, ಅಲುಗಾಡಿದರೆ ರಕ್ತ ಹೋಗುತ್ತೆ" ಎಂದು ಡಾಕ್ಟರು ಅವಳನ್ನು ದೊಡ್ಡಾಸ್ಪತ್ರೆಗೆ ಸೇರಿಸಿಕೊಂಡರು. ಅದಿರುವುದು ಬಸ್ಸಿನಲ್ಲಿ ಅರ್ಧ ದಿನದ ದಾರಿಯಲ್ಲಿ. ಭಾನುವಾರ ಮಾತ್ರ, ಒಬ್ಬರಿಗೆ ಮಾತ್ರ ನೋಡಲು ಬಿಡುತ್ತಾರೆ. ಅವಳಿಗೆ ಕೈನೆರವಿಗೆಂದು ಬಂದಿದ್ದ ಅವಳ ತಾಯಿ ಇಲ್ಲೇ ಉಳಿದುಬಿಟ್ಟರು. ಮಂಡಿ ನೋವು, ಅಷ್ಟು ದೂರ ಕೂತು ಹೋಗಲಾರರು. ಕೆಳಗೆ ನನ್ನ ಫೋಟೋ ಫ್ರೇಮಿನ ಅಂಗಡಿ, ಮೇಲೆ ಎರಡು ಕೋಣೆ. ಅಷ್ಟರಲ್ಲಿ ನಾವಿಬ್ಬರು.

ಆ ಯಮ್ಮನಿಗೆ ಕಿವಿ ಕೇಳುವುದಿಲ್ಲ. ನಡುವಯಸ್ಸಿನಲ್ಲಿ ಯಾವುದೋ ಜ್ವರಕ್ಕೆ ಹೋದದ್ದಂತೆ. ಬಾಯಿ ಮಾತ್ರ ಬೀದಿಗೆಲ್ಲ ಕೇಳುತ್ತದೆ. ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಾರೆ. ಗುಬ್ಬಿಯದಾದರೆ ಅರೆಗತ್ತಲಲ್ಲೂ ಓದುತ್ತಾರೆ. ನನ್ನದು ಆಗುವುದಿಲ್ಲವಂತೆ. "ನಿಮ್ಮ ಮಾತೆಲ್ಲ ಮೀಸೆ ಒಳಗೇ ಸತ್ತೋಗುತ್ತೆ" ಎನ್ನುತ್ತಾರೆ. ಮದುವೆಯಾದಾಗಿನಿಂದ ನಮ್ಮಿಬ್ಬರ ಮಾತು ಗುಬ್ಬಿಯ ಬಾಯಿಂದಲೇ ದಾಟಿದ್ದು. ಈಗ ಚೀಟಿಯಲ್ಲಿ ಬರೆದು ತೋರಿಸಿ ಸಂಸಾರ ತೂಗಿಸುತ್ತಿದ್ದೇನೆ. ಅದಕ್ಕೂ ಅವರ ಕನ್ನಡಕ ಯಾವಾಗಲೂ ಇನ್ನೊಂದು ಕೋಣೆಯಲ್ಲಿರುತ್ತದೆ.

ಗುಬ್ಬಿ ದಿನಾ ಬೆಳಗ್ಗೆ ತಾಯಿಯ ಫೋನಿಗೆ "ಚೆನ್ನಾಗಿದ್ದೀನಿ ಅಮ್ಮ" ಎಂದು ಮೆಸೇಜ್ ಹಾಕುತ್ತಾಳೆ. ಇವತ್ತು ನಾನು ದೊಡ್ಡ ಗಾಜಿನ ಮೇಲೆ ಗೆರೆ ಎಳೆಯುತ್ತಿರುವಾಗ ಅವರು ಬಂದು ಆ ಫೋನನ್ನು ಮೇಜಿನ ಮೇಲೆ ಕುಟ್ಟಿದರು.

"ಚೆನ್ನಾಗಿದ್ದೀನಿ ಅಂತ ಯಾರು ಬೇಕಾದ್ರೂ ಬರೀಬಹುದು. ನೀವೂ ಬರೀಬಹುದು. ನಂಗೆ ಅವಳ ಮುಖ ಬೇಕು."

ಗಿರಾಕಿಯ ಎದುರಿಗೇ! ಗಾಜು ಗೆರೆ ಬಿಟ್ಟು ಸೀಳಿತು.

ಅವರ ಕೈಯಲ್ಲಿರುವುದು ಗುಬ್ಬಿಯ ಹಳೆಯ ಟಚ್ ಫೋನು, ಸಿಮ್ ಮಾತ್ರ ಅವರ ಹೆಸರಿನದು. ವಿಡಿಯೋ ಕಾಲ್ ಎಲ್ಲ ಇದೆ, ನೆಟ್ ಒಂದು ಬರುವುದಿಲ್ಲ. ನನ್ನದು ಬಟನ್ ಫೋನು. ಕರೆ ಬರುತ್ತದೆ, ಕರೆ ಹೋಗುತ್ತದೆ. ಮನುಷ್ಯನಿಗೆ ಇನ್ನೇನು ಬೇಕು?

ಮಾರ್ಚ್ ೫, ಮಂಗಳವಾರ

ನಾನೇ ಸರಿಮಾಡೋಣವೆಂದು ಕೂತೆ. ಸೆಟ್ಟಿಂಗ್ಸ್ ಒಳಗೆ ನೆಟ್‌ವರ್ಕ್, ನೆಟ್‌ವರ್ಕ್ ಒಳಗೆ ಸಿಮ್, ಸಿಮ್ ಒಳಗೆ ಇನ್ನೇನೋ. ಬಾಗಿಲು ತೆರೆದಷ್ಟೂ ಬಾಗಿಲು, ಕೋಣೆ ಮಾತ್ರ ಸಿಗದು. ಮೊಬೈಲ್ ಡೇಟಾ ಆನ್ ಇದೆ. ಆಫ್ ಮಾಡಿ ಆನ್ ಮಾಡಿದೆ. ಫೋನನ್ನೇ ಆರಿಸಿ ಹಚ್ಚಿದೆ. ಸಿಮ್ ತೆಗೆದು ಅಂಗಿಗೆ ಒರೆಸಿ ಹಾಕಿದೆ. ಊಹೂಂ.

ಕೊನೆಗೆ ಎಲ್ಲಿ ಏನು ಒತ್ತಿದೆನೋ, ಫೋನಿನ ಭಾಷೆಯೇ ಬದಲಾಯಿತು. ಬಲದಿಂದ ಎಡಕ್ಕೆ ಹರಿಯುವ, ನಾನು ಕಂಡು ಕೇಳರಿಯದ ಲಿಪಿ. ಅದನ್ನು ವಾಪಸು ಕನ್ನಡಕ್ಕೆ ತರುವಷ್ಟರಲ್ಲಿ ಮಧ್ಯಾಹ್ನವೆಲ್ಲ ಹೋಯಿತು. ಆ ಯಮ್ಮ ಎದುರಿಗೆ ಕುರ್ಚಿ ಹಾಕಿಕೊಂಡು ಪರೀಕ್ಷೆ ಬರೆಸುವ ಮೇಷ್ಟರ ಹಾಗೆ ನೋಡುತ್ತಿದ್ದರು.

"ಆಯ್ತಾ?"

ಇಲ್ಲ ಎಂದು ತಲೆ ಆಡಿಸಿದೆ.

"ನನ್ನ ಮಗಳಿಗಾಗಿದ್ರೆ ಅರ್ಧ ನಿಮಿಷದ ಕೆಲಸ."

ನಿಮ್ಮ ಮಗಳಿದ್ದಿದ್ದರೆ ಈ ಫಜೀತಿಯೇ ಇರುತ್ತಿರಲಿಲ್ಲವಲ್ಲ ತಾಯಿ! ಹೇಳಿದೆ ಕೂಡ. ಮೀಸೆಯೊಳಗೇ ಸತ್ತಿತು, ಒಳ್ಳೆಯದಾಯಿತು.

ಮಾರ್ಚ್ ೬, ಬುಧವಾರ

ಬೀದಿ ತಿರುವಿನ ಮೊಬೈಲ್ ಅಂಗಡಿಗೆ ಹೋದೆ. ಅಲ್ಲಿನವನಿಗೆ ಜನ ಇಟ್ಟ ಹೆಸರು 'ಆಗೋಯ್ತು'. ಏನು ಕೊಟ್ಟರೂ ಮುಟ್ಟುವ ಮುಂಚೆಯೇ "ಆಗೋಯ್ತು ಅಣ್ಣ" ಎನ್ನುತ್ತಾನೆ.

"ಎಪಿಎನ್ ತಪ್ಪಿದೆ ಅಣ್ಣ. ನಿಮ್ಮ ಕಂಪನಿ ನೆಟ್ಟಿಗೆ ಹೋಗೋ ಬಾಗಿಲಿನ ಹೆಸರು ಅಂತ ಇಟ್ಕೊಳ್ಳಿ. ಇದ್ರಲ್ಲಿ ಬೇರೆ ಕಂಪನಿ ಹೆಸರಿದೆ. ಬದಲಾಯಿಸಿದ್ರೆ ಆಗೋಯ್ತು."

ಟಕಟಕ ಏನೋ ಬರೆದು, ಸೇವ್ ಒತ್ತಿ, ಒಂದು ವಿಡಿಯೋ ಹಾಕಿ ತೋರಿಸಿದ. ಓಡಿತು! ನನಗೆ ಅವನನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಮನೆಗೆ ಬಂದು ಮೆಟ್ಟಿಲು ಹತ್ತುತ್ತಲೇ ಫೋನು ಎತ್ತಿ ತೋರಿಸಿದೆ. ಆ ಯಮ್ಮ ಸೆರಗಿಗೆ ಕೈ ಒರೆಸಿ, ತಲೆ ಬಾಚಿಕೊಂಡು ಬಂದು ಕೂತರು.

ಒಂದು ಚಕ್ರ ಸುತ್ತಿತು. ಸುತ್ತಿತು. ಸುತ್ತುತ್ತಲೇ ಇತ್ತು.

ಮತ್ತೆ ಓಡಿದೆ. ಅಂಗಡಿಯಲ್ಲಿ ಓಡುತ್ತದೆ, ಮನೆಯಲ್ಲಿ ಇಲ್ಲ. ನಾಲ್ಕು ಸಲ ಬೀದಿ ಅಳೆದ ಮೇಲೆ ಆಗೋಯ್ತು ಕೆನ್ನೆ ಕೆರೆದುಕೊಂಡ. "ಅಯ್ಯೋ, ಇಲ್ಲಿ ನಮ್ಮಂಗಡಿ ವೈಫೈ ಹಿಡಿದುಬಿಟ್ಟಿದೆ ಅಣ್ಣ. ನಿಮ್ಮ ಸಿಮ್ಮಿಂದ ಏನೂ ಬರ್ತಿಲ್ಲ."

ಮನೆಗೆ ಬಂದಾಗ ಆ ಯಮ್ಮ ಬಾಚಿದ ತಲೆಯಲ್ಲೇ ಅದೇ ಕುರ್ಚಿಯಲ್ಲಿ ಕೂತಿದ್ದರು. ಚೀಟಿ ಬರೆಯುವ ಮನಸ್ಸಾಗಲಿಲ್ಲ. ಕೈ ಅಲ್ಲಾಡಿಸಿದೆ. ಕುರ್ಚಿ ಗೋಡೆಗೆ ಸರಿಸಿ ಒಳಗೆ ಹೋದರು. ಬೈದಿದ್ದರೆ ವಾಸಿ ಇತ್ತು.

ಮಾರ್ಚ್ ೮, ಶುಕ್ರವಾರ

ನನ್ನ ಹೆಸರಲ್ಲೇ ಹೊಸ ಸಿಮ್ ಕೊಡು ಎಂದೆ ಆಗೋಯ್ತುವಿಗೆ. ಗುರುತಿನ ಚೀಟಿಯಲ್ಲಿ ಹಳೇ ಮನೆಯ ವಿಳಾಸವಿದೆ, ಯಂತ್ರ ಒಪ್ಪುವುದಿಲ್ಲವಂತೆ. ಮನುಷ್ಯ ಎದುರಿಗೆ ನಿಂತಿದ್ದಾನೆ, ಅದು ಸಾಲದು.

"ಈ ಸಿಮ್ಮಿಗೆ ಕಂಪನಿಯೋರೇ ಡೇಟಾ ಬಂದ್ ಮಾಡಿರಬೇಕು. ಕಸ್ಟಮರ್ ಕೇರಿಗೆ ಒಂದು ಫೋನ್ ಹಾಕಿ, ಆಗೋಯ್ತು" ಎಂದ.

ಮಾರ್ಚ್ ೯, ಶನಿವಾರ

ಅಂಗಡಿ ಬಾಗಿಲು ಅರ್ಧ ಎಳೆದು ನನ್ನ ಬಟನ್ ಫೋನಿನಿಂದ ಕಸ್ಟಮರ್ ಕೇರಿಗೆ ಕರೆ ಮಾಡಿದೆ. ಒಂದು ಒತ್ತಿ, ಎರಡು ಒತ್ತಿ, ನಿಮ್ಮ ಕರೆ ನಮಗೆ ಅಮೂಲ್ಯ. ಸಂಗೀತ. ಮತ್ತೆ ಅಮೂಲ್ಯ. ಒಂದು ಫ್ರೇಮಿನ ನಾಲ್ಕೂ ಮೂಲೆ ಕತ್ತರಿಸಿ ಅಂಟು ಹಾಕಿ ಮುಗಿಸಿದ ಮೇಲೆ ಒಂದು ಹೆಣ್ಣುದನಿ ಬಂತು.

"ಖಾತೆದಾರರ ಹತ್ರ ಮಾತಾಡಬೇಕು ಸರ್."

"ಅವರಿಗೆ ಕಿವಿ ಕೇಳಲ್ಲ ಮೇಡಂ."

"ಪರವಾಗಿಲ್ಲ ಸರ್, ಅವರ ಕೈಗೆ ಫೋನ್ ಕೊಡಿ."

"ಕಿವಿ ಕೇಳಲ್ಲ ಅಂದೆ."

"ಅರ್ಥ ಆಯ್ತು ಸರ್. ಅವರ ಕೈಗೆ ಕೊಡಿ."

ಸ್ಪೀಕರ್ ಹಾಕಿ ಕೊಟ್ಟೆ. ಆ ಯಮ್ಮ ಫೋನನ್ನು ಬಾಯಿಯ ಮುಂದೆ ಹಿಡಿದು "ನನ್ನ ಮಗಳು ಆಸ್ಪತ್ರೇಲಿ ಮಲಗಿದಾಳೆ, ನೆಟ್ ಬಿಡಿ!" ಎಂದು ಗುಡುಗಿದರು. ಆ ಹುಡುಗಿಯ ಕಿವಿಯೂ ಹೋಗಿರಬೇಕು.

"ಭದ್ರತೆಗಾಗಿ ಒಂದು ಪ್ರಶ್ನೆ. ನಿಮ್ಮ ತಾಯಿಯ ಹೆಸರೇನು?"

ನಾನು ಆ ಯಮ್ಮನ ಮುಖಕ್ಕೆ ಮುಖ ಕೊಟ್ಟು, ಬಾಯಿ ಅಗಲಿಸಿ, "ತಾ-ಯಿ ಹೆಸರು" ಎಂದೆ.

"ನಾಯಿ?"

"ತಾಯಿ! ತಾಯಿ!"

"ನಾವ್ಯಾವತ್ತು ನಾಯಿ ಸಾಕಿದ್ವಿ? ಅದೆಲ್ಲ ಯಾಕೆ ಬೇಕು ಇವರಿಗೆ?"

"ಸರ್, ನೀವು ಹೇಳಿಕೊಡಬಾರದು" ಎಂದಿತು ಫೋನು. ಬರೆದು ತೋರಿಸೋಣವೆಂದರೆ ಕನ್ನಡಕ ಮೇಲಿನ ಕೋಣೆಯಲ್ಲಿ. ಓಡಿ ತರುವಷ್ಟರಲ್ಲಿ ಕರೆ ಕಟ್. ಆ ಯಮ್ಮ ಬಟನ್ ಫೋನನ್ನು ನನ್ನ ಕೈಗಿತ್ತು, "ನಿಮ್ಮ ಕೈಲಿ ಒಂದು ಮಾತು ನೆಟ್ಟಗೆ ಆಡಕ್ಕಾಗಲ್ವಲ್ಲ" ಎಂದರು.

ಅಂಟು ಆರುವ ಮುಂಚೆ ಫ್ರೇಮ್ ಎತ್ತಿ ಗೋಡೆಗೆ ಎಸೆದೆ. ಗಿರಾಕಿಯ ಮದುವೆ ಫೋಟೋದ ಫ್ರೇಮು. ಮತ್ತೆ ಮಾಡಬೇಕು.

ಮಾರ್ಚ್ ೧೦, ಭಾನುವಾರ

ಆಸ್ಪತ್ರೆಗೆ ಹೋಗಿ ಬಂದೆ. ಗುಬ್ಬಿಯ ಮುಖ ಊದಿಕೊಂಡಿದೆ. ಕಣ್ಣು ಸಣ್ಣದಾಗಿ ಕಾಣುತ್ತದೆ. ನಕ್ಕಳು.

"ಅಮ್ಮ ನನ್ನ ಹೀಗೆ ನೋಡಿದ್ರೆ ಹೆದರಿಬಿಡ್ತಾಳೆ. ನೆಟ್ ಬರೋದೇ ಇಲ್ಲ ಅಂದ್ಬಿಡಿ, ಆಯ್ತಾ?"

ಹೂಂ ಎಂದೆ. ಸುಳ್ಳು ಹೇಳುವ ತೊಂದರೆಯೂ ಇಲ್ಲ, ನಿಜಕ್ಕೂ ಬರುತ್ತಿಲ್ಲ. ಇಲ್ಲಿಗೆ ಈ ರಗಳೆ ಬಿಟ್ಟುಬಿಡಬಹುದು.

ಮಾರ್ಚ್ ೧೧, ಸೋಮವಾರ

ಸೆಕೆ ಜಾಸ್ತಿಯಾಗಿದೆ. ಬೆಳಗ್ಗೆ ಕ್ಷೌರದಂಗಡಿಗೆ ಹೋಗಿ ಮೀಸೆ ತೆಗೆಸಿದೆ. ಮೂಗಿನ ಕೆಳಗೆ ಗಾಳಿ ಆಡುತ್ತದೆ, ಅಷ್ಟೇ ಲಾಭ. ಎದುರಂಗಡಿಯವನು ಯಾರೋ ಹೊಸಬ ಎಂದುಕೊಂಡು "ಫ್ರೇಮಿನವರು ಎಲ್ಲಿ?" ಎಂದ. ಮೈ ಉರಿಯಿತು.

ಆ ಯಮ್ಮ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದರು.

"ಇನ್ನೊಂದ್ಸಲ ಫೋನ್ ಮಾಡೋಣ" ಎಂದೆ.

"ಮಾಡೋಣ" ಎಂದರು. ಕನ್ನಡಕ ಕೂಡ ತಂದುಕೊಂಡರು. ಮೊದಲೇ ಹೇಳಿಕೊಟ್ಟರು: "ಬಾಯಲ್ಲಿ ತಾಯಿ, ನಾಯಿ ಎರಡೂ ಒಂದೇ ತರ ಕಾಣುತ್ತೆ. ಅಮ್ಮ ಅನ್ನಿ. ತುಟಿ ಮುಚ್ಚಿದ್ರೆ ಗೊತ್ತಾಗುತ್ತೆ. ಕಿರುಚಬೇಡಿ. ಕಿರುಚಿದ್ರೆ ಮುಖ ಸೊಟ್ಟಗಾಗುತ್ತೆ."

ಇವತ್ತಿನದು ಬೇರೆ ಹುಡುಗಿ. ವಿಷಯ ಹೇಳಿದರೆ ಅರ್ಥ ಮಾಡಿಕೊಂಡಳು. ಅಮ್ಮನ ಹೆಸರು, ಹುಟ್ಟಿದ ದಿನ, ಊರಿನ ವಿಳಾಸ ಎಲ್ಲ ದಾಟಿದವು. ಡೇಟಾ ಬಂದ್ ಆಗಿದ್ದು ನಿಜವಂತೆ. ಯಾಕೆಂದು ಅವರಿಗೂ ಗೊತ್ತಿಲ್ಲವಂತೆ. "ತೆರೆದಿದ್ದೇವೆ, ನಾಳೆ ನಾಡಿದ್ದರಲ್ಲಿ ಬರುತ್ತೆ." ನಾಳೆ ಎಂದರೆ ನಾಳೆ ಎನ್ನಬೇಕು, ನಾಡಿದ್ದು ಎಂದರೆ ನಾಡಿದ್ದು ಎನ್ನಬೇಕು. ಇದೇನು ನಾಳೆ ನಾಡಿದ್ದು?

ಮಾರ್ಚ್ ೧೩, ಬುಧವಾರ

ಬಂತು. ಮನೆಯಲ್ಲೆಲ್ಲ ಅಲ್ಲ, ಮೆಟ್ಟಿಲಿನ ತಿರುವಿನಲ್ಲಿರುವ ಕಿಟಕಿಯ ಹತ್ತಿರ ಮಾತ್ರ, ಅದೂ ಫೋನು ಸರಳಿಗೆ ತಾಗಿಸಿ ಹಿಡಿದರೆ.

ಗುಬ್ಬಿಗೆ ಮೊದಲೇ ಮೆಸೇಜ್ ಹಾಕಿ ತಿಳಿಸಿದೆ. ಸಿಟ್ಟಾದಳು, ಆಮೇಲೆ ಒಪ್ಪಿದಳು. ಮುಖ ಮೂಡಿದ್ದೇ ತಡ, ಆ ಯಮ್ಮ ಕನ್ನಡಕ ಏರಿಸಿ ಸರಳಿನ ಹತ್ತಿರಕ್ಕೆ ಬಂದರು. ಗುಬ್ಬಿ ತುಟಿ ಆಡಿಸಿದಳು, ಇವರು ಉತ್ತರ ಕೊಟ್ಟರು, ಅಷ್ಟರಲ್ಲಿ ಚಿತ್ರ ನಿಂತಿತು. ದನಿ ಬರುತ್ತಲೇ ಇದೆ, ಬಾಯಿ ಮಾತ್ರ ಅರ್ಧ ತೆರೆದು ನಿಂತಿದೆ. ನನಗೆ ಎಲ್ಲ ಕೇಳುತ್ತಿದೆ, ಇವರಿಗೆ ಏನೂ ಇಲ್ಲ.

"ಏನಂದ್ಲು? ಏನಂದ್ಲು?"

ನಾನು ಅವಳ ಮಾತನ್ನು ನನ್ನ ಬಾಯಲ್ಲಿ ಆಡಿ ತೋರಿಸಿದೆ. ಮತ್ತೆ ಚಿತ್ರ ಬಂತು, ಮತ್ತೆ ನಿಂತಿತು. ಕೈ ಎತ್ತಿ ಹಿಡಿದು ಹಿಡಿದು ತೋಳು ಬಿದ್ದುಹೋಯಿತು. ಕೊನೆಗೆ ನೆಟ್ ಪೂರ್ತಿ ಸತ್ತಿತು. ಕಿಟಕಿಯ ಸರಳಿಗೆ ಒಂದು ಗುದ್ದಿದೆ. ಕೈ ಊದಿಕೊಂಡಿದೆ.

ಅಳುತ್ತಾರೆಂದುಕೊಂಡೆ. ಅಳಲಿಲ್ಲ.

"ಮುಖ ಊದಿದೆ. ನಗು ಬಲವಂತದ್ದು" ಎಂದರು. "ಆದ್ರೂ ನೋಡ್ದೆನಲ್ಲ. ಇಷ್ಟು ದಿನ ಅವಳನ್ನ ಹೇಗೆಲ್ಲ ಊಹೆ ಮಾಡ್ಕೊಂಡು ಸಾಯ್ತಿದ್ದೆ ಗೊತ್ತಾ? ಇವತ್ತು ನಿದ್ದೆ ಬರುತ್ತೆ."

ಮಾರ್ಚ್ ೧೬, ಶನಿವಾರ

ಸರಳಿಗೆ ತೂಗುಹಾಕುವಂಥ ಒಂದು ಫೋನ್ ಸ್ಟ್ಯಾಂಡು ಮಾಡಿದೆ. ನನ್ನ ಒಳ್ಳೆಯ ತೇಗದ ಪಟ್ಟಿ ಅದಕ್ಕೇ ಹೋಯಿತು. ಬೆಳಗ್ಗೆ ಎಲ್ಲರೂ ನೆಟ್ ಹತ್ತುವ ಮುಂಚೆ ಚೆನ್ನಾಗಿ ಬರುತ್ತದೆಂದು ಅತ್ತೆ ಕಂಡುಹಿಡಿದಿದ್ದಾರೆ. ನಿನ್ನೆ ಇವತ್ತು ಚಿತ್ರ ನಿಲ್ಲದೆ ಮಾತು ಮುಗಿಯಿತು. ತಾಯಿ ಮಗಳು ಸೇರಿದರೆ ನನ್ನನ್ನು ಆಡಿಕೊಳ್ಳುವುದೇ. ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಳ್ಳುವ ಕರ್ಮ ನನ್ನದು.

ಅತ್ತೆಗೆ ಎಲ್ಲ ಹೇಳಿಕೊಡುತ್ತಿದ್ದೇನೆ. ಇದು ಡೇಟಾ, ಇದು ವಿಮಾನದ ಚಿತ್ರ, ಇದನ್ನು ಅಪ್ಪಿತಪ್ಪಿಯೂ ಮುಟ್ಟಬೇಡಿ, ಮುಟ್ಟಿದರೆ ಎಲ್ಲ ಸತ್ತುಹೋಗುತ್ತದೆ.

"ಹಂಗಾದ್ರೆ ಅದನ್ನ ಇಟ್ಟಿದ್ದು ಯಾಕೆ?"

ಪ್ರಾಣ ತಿನ್ನುತ್ತಾರೆ.

"ಹೇಳ್ಬೇಕಾದ್ರೆ ತಲೆ ಬಗ್ಗಿಸ್ಬೇಡ. ಇಲ್ಲಿ ನೋಡ್ಕೊಂಡು ಹೇಳು" ಎಂದು ಗದ್ದ ಹಿಡಿದು ಎತ್ತಿದರು.

ಮಾರ್ಚ್ ೧೯, ಮಂಗಳವಾರ

ಆಸ್ಪತ್ರೆಯಿಂದ ಫೋನು. ರಕ್ತ ಹೋಗುತ್ತಿದೆ, ತಕ್ಷಣ ಬನ್ನಿ. ಅತ್ತೆಯ ಎದುರು ನಿಂತು ಹೇಳಿದೆ. ಒಂದೇ ಸಲಕ್ಕೆ ಹಿಡಿದರು. ನನ್ನ ಚೀಲಕ್ಕೆ ಅಂಗಿ ತುಂಬಿದವರು ಅವರೇ.

ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಇದು ಯಾಕಿಷ್ಟು ಕಡೆ ನಿಲ್ಲುತ್ತದೋ.

ಮಾರ್ಚ್ ೨೦, ಬುಧವಾರ

ಹೆಣ್ಣು ಮಗು. ಅವಧಿಗೆ ಮುಂಚೆ ಬಂದಿದೆ, ಸಣ್ಣದು, ಆದರೆ ಉಸಿರಾಟ ಸರಿಯಿದೆ. ಗಾಜಿನಾಚೆಯಿಂದ ನೋಡಿದೆ. ಗುಬ್ಬಿಗೆ ಬಹಳ ರಕ್ತ ಹೋಗಿ ಗಂಟಲಿಗೆ ಉಸಿರಿನ ಕೊಳವೆ ಹಾಕಿದ್ದಾರೆ. ಎಚ್ಚರವಿಲ್ಲ. "ಕಾದು ನೋಡೋಣ" ಎಂದರು ಡಾಕ್ಟರು.

ಗುಬ್ಬಿಯ ಫೋನು ನನ್ನ ಕೈಯಲ್ಲಿದೆ. ಅತ್ತೆಗೆ ಏನು ಹೇಳಬೇಕೆಂದು ಕಾರಿಡಾರಿನಲ್ಲಿ ಅಭ್ಯಾಸ ಮಾಡಿದೆ. ಮಗು ಚೆನ್ನಾಗಿದೆ, ಗುಬ್ಬಿ ಮಲಗಿದ್ದಾಳೆ, ಆಮೇಲೆ ತೋರಿಸುತ್ತೇನೆ. ಇಷ್ಟೇ.

ಕರೆ ಹೋಗಲೇ ಇಲ್ಲ. ಮತ್ತೆ, ಮತ್ತೆ. ಚಕ್ರ ಸುತ್ತುತ್ತದೆ. ಮಾಮೂಲಿ ಫೋನು ಮಾಡಿ ಏನು ಪ್ರಯೋಜನ, ಕೇಳುವ ಕಿವಿ ಎಲ್ಲಿದೆ? "ಡೇಟಾ ನೋಡಿ" ಎಂದು ಮೆಸೇಜ್ ಹಾಕಿದೆ. "ಆನ್ ಇದೆ" ಎಂದು ಬಂತು. "ಕಿಟಕಿ ಹತ್ತಿರ ಇದ್ದೀರಾ?" "ಬೆಳಗ್ಗೆಯಿಂದ ಇಲ್ಲೇ ಇದೀನಿ." ಆಗ ಹೊಳೆಯಿತು, ನಿಂತ ಜಾಗದಲ್ಲಿ ನೆಟ್ ಇಲ್ಲದ್ದು ನನಗೇ! ಗೋಡೆ ದಪ್ಪದ ಆ ಕಾರಿಡಾರು ಬಿಟ್ಟು ಅಂಗಳಕ್ಕೆ ಓಡಿದೆ.

ಮುಖ ಬಂತು. ನಾನು ಬಾಯಿ ತೆರೆಯುವ ಮುಂಚೆಯೇ ಅವರು ಕೇಳಿದರು.

"ಅವಳಿಗೇನಾಗಿದೆ?"

ಅಭ್ಯಾಸ ಮಾಡಿದ್ದು ಅಲ್ಲಿಗೇ ಮುಗಿಯಿತು. ದನಿಯಲ್ಲಾದರೆ ಹೇಗೋ ಸಂಭಾಳಿಸಬಹುದಿತ್ತು. ಈ ಮುಖವನ್ನು ಎಲ್ಲಿ ಬಚ್ಚಿಡಲಿ? ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೊಳವೆ, ರಕ್ತ, ಎಚ್ಚರವಿಲ್ಲದ್ದು, ಎಲ್ಲ. ನಿಧಾನವಾಗಿ, ತುಟಿ ಬಿಡಿಸಿ ಹೇಳಬೇಕಲ್ಲ, ಒಂದೊಂದು ಮಾತೂ ನನಗೇ ಮೊದಲ ಸಲ ಅರ್ಥವಾದಂತಾಯಿತು. ಅರ್ಧಕ್ಕೆ ಬಾಯಿ ನಡುಗಿ ಮಾತು ಕೆಟ್ಟಿತು.

"ಆ ಕೊನೇದು ತಿಳೀಲಿಲ್ಲ. ಇನ್ನೊಂದ್ಸಲ ಹೇಳು."

"ನಂಗೆ ಭಯ ಆಗ್ತಿದೆ ಅತ್ತೆ."

ಅವರು ಫೋನಿಗೆ ಇನ್ನಷ್ಟು ಹತ್ತಿರ ಬಂದರು. ಹಣೆ, ಕಣ್ಣು ಮಾತ್ರ ಕಂಡವು.

"ನಂಗೂ ಆಗ್ತಿದೆ. ಹೋಗಿ ಏನಾದ್ರೂ ತಿನ್ನು. ತಿಂದು ಬಂದು ಮತ್ತೆ ಕಾಣಿಸ್ಕೋ. ನಾನು ಇಲ್ಲಿಂದ ಏಳಲ್ಲ."

ಮಾರ್ಚ್ ೨೧, ಗುರುವಾರ

ಗುಬ್ಬಿ ಹಾಗೇ ಇದ್ದಾಳೆ. ಮಗುವನ್ನು ಎತ್ತಿಕೊಳ್ತೀರಾ ಎಂದು ನರ್ಸ್ ಕೇಳಿದರು. ಆಮೇಲೆ ಎಂದೆ.

ಮಾರ್ಚ್ ೨೨, ಶುಕ್ರವಾರ

ಬೆಳಗ್ಗೆ ಕೊಳವೆ ತೆಗೆದರು. ಕಣ್ಣು ಬಿಟ್ಟಿದ್ದಾಳೆ. ಗಂಡಾಂತರ ಕಳೆಯಿತು ಎಂದರು ಡಾಕ್ಟರು. ಅಂಗಳಕ್ಕೆ ಓಡಿ ಅತ್ತೆಗೆ ಹೇಳಿದೆ. ಏನು ಹೇಳಿದೆನೋ, ಹೇಗೆ ಹೇಳಿದೆನೋ. ಅವರು ಕೈ ಮುಗಿದರು. ಫೋನಿಗೋ, ನನಗೋ, ತಿಳಿಯಲಿಲ್ಲ.

ಮಧ್ಯಾಹ್ನ ಒಳಗೆ ಬಿಟ್ಟರು. ಕೊಳವೆ ಇದ್ದ ಗಂಟಲು, ದನಿಯೇ ಹೊರಡದು. ಏನೋ ಹೇಳುತ್ತಾಳೆ, ತುಟಿ ಮಾತ್ರ ಆಡುತ್ತದೆ. ಕಿವಿಯನ್ನು ಬಾಯಿಗೆ ಹಚ್ಚಿದರೂ ಬರೀ ಉಸಿರು.

"ನೀರು ಕೇಳ್ತಿದಾರೆ" ಎಂದರು ನರ್ಸ್. ಅಲ್ಲ ಎಂದು ಗುಬ್ಬಿ ಕಣ್ಣು ಮುಚ್ಚಿ ತೆರೆದಳು. ನೋವಾ? ಅಲ್ಲ. ದಿಂಬಾ? ಅಲ್ಲ. ಕಣ್ಣಂಚಿನಲ್ಲಿ ನೀರು ಬಂತು. ನನಗೂ ತಲೆ ಚಿಟ್ಟು ಹಿಡಿಯಿತು. ಇಷ್ಟು ದಿನ ಅತ್ತೆಯ ಮುಂದೆ ಬಾಯಿ ಅಗಲಿಸಿ ಕಲಿತದ್ದು ಹೇಳುವುದನ್ನು, ಓದುವುದನ್ನಲ್ಲ.

ಫೋನು ತೆಗೆದೆ. "ಇಲ್ಲಿ ಬಳಸೋ ಹಾಗಿಲ್ಲ" ಎಂದರು ನರ್ಸ್. ಐದೇ ನಿಮಿಷ ಸಿಸ್ಟರ್ ಎಂದು ಬೇಡಿಕೊಂಡೆ. ಕಿಟಕಿಯ ಪಕ್ಕದ ಹಾಸಿಗೆ, ನೆಟ್ ಹೇಗೋ ಸಿಕ್ಕಿತು. ಅತ್ತೆಯ ಮುಖ ಬಂತು. ಫೋನನ್ನು ಗುಬ್ಬಿಯ ಮುಖಕ್ಕೆ ತಿರುಗಿಸಿ ಉಸಿರು ಬಿಗಿಹಿಡಿದು ನಿಂತೆ. ಚಿತ್ರ ನಿಂತರೆ ಈ ಫೋನನ್ನು ಇಲ್ಲೇ ಒಡೆಯುತ್ತೇನೆ ಎಂದುಕೊಂಡೆ.

ಗುಬ್ಬಿ ತುಟಿ ಆಡಿಸಿದಳು. ಅತ್ತೆ ಕನ್ನಡಕ ಸರಿಮಾಡಿಕೊಂಡರು.

"ಮಗೂನ ಯಾರಾದ್ರೂ ಎತ್ಕೊಂಡ್ರಾ ಅಂತ ಕೇಳ್ತಿದಾಳೆ" ಎಂದಿತು ಅವರ ದೊಡ್ಡ ದನಿ. ವಾರ್ಡೆಲ್ಲ ತಿರುಗಿ ನೋಡಿತು. "ಹುಟ್ಟಿದಾಗಿಂದ ಒಂಟಿಯಾಗೇ ಇದೆಯಾ ಅಂತ ಕೇಳ್ತಿದಾಳೆ."

ನಾನು ಫೋನಿನ ಮುಂದೆ ಮುಖ ತಂದೆ. "ಇನ್ನೂ ಇಲ್ಲ ಅತ್ತೆ. ಇವಳು ಕಣ್ಣು ಬಿಡದೆ ನಾನು ಹೇಗೆ..."

"ಈಗ ಬಿಟ್ಟಿದಾಳಲ್ಲ. ಹೋಗು, ಎತ್ಕೊ. ಎಷ್ಟು ಭಾರ ಇದೆ ಅಂತ ಬಂದು ಹೇಳು. ನಾವಿಬ್ರೂ ಅಲ್ಲೀವರೆಗೂ ಮಾತಾಡ್ತಿರ್ತೀವಿ."

ದಿಂಬಿಗೆ ಒರಗಿಸಿ ಫೋನು ನಿಲ್ಲಿಸಿದೆ. ಬಾಗಿಲ ಹತ್ತಿರ ಬಂದು ತಿರುಗಿ ನೋಡಿದೆ. ಗುಬ್ಬಿಯ ತುಟಿ ಆಡುತ್ತಿತ್ತು. ಅಲ್ಲಿ ಅತ್ತೆಯೂ ದನಿ ಬಿಟ್ಟು ಬರೀ ತುಟಿಯಲ್ಲೇ ಉತ್ತರ ಕೊಡುತ್ತಿದ್ದರು. ಇಬ್ಬರ ನಡುವೆ ಒಂದು ಚೂರೂ ಸದ್ದಿಲ್ಲ.

ನರ್ಸ್ ನನ್ನ ಹಿಂದೆಯೇ ಬಂದರು. "ಏನ್ರೀ, ಸೌಂಡೇ ಬರ್ತಿಲ್ವಲ್ಲ. ನೆಟ್ ಹೋಯ್ತೇನೋ, ನೋಡಿ."

"ಇಲ್ಲ ಸಿಸ್ಟರ್, ಬರ್ತಿದೆ" ಎಂದೆ. "ಮಗುನ ಹೇಗೆ ಹಿಡ್ಕೊಳ್ಳೋದು, ಸ್ವಲ್ಪ ಹೇಳಿಕೊಡಿ."